ಚಿಲುಮೆ ಅಂಗಡಿಯ ಆಣೆ

ಸಂಶಯಪಡುವುದರಲ್ಲಿ ಯಶೋದಾಳನ್ನು ಮೀರಿಸುವವರು ವಡೋದರಾದ ಫತೇಗಂಜಿನಲ್ಲಿ ಯಾರೂ ಇರಲಿಲ್ಲ. ಹಾಲಿನವನು ನಕ್ಕರೆ ನೀರು ಜಾಸ್ತಿ ಬೆರೆಸಿದ್ದಾನೆ ಎಂದುಕೊಳ್ಳುವಳು. ನಗದಿದ್ದರೆ ನಿನ್ನೆಯ ಹಾಲೇ ಇರಬೇಕು ಎಂದುಕೊಳ್ಳುವಳು. ಅಂಥವಳ ಕಣ್ಣು ತಮ್ಮ ಗಣಪತಿಯ ಮೇಲೆ ಮಾತ್ರ ಬಿದ್ದದ್ದಿಲ್ಲ. ತಾಯಿ ಸಾಯುವಾಗ ಅವನ ಕೈಯನ್ನು ಇವಳ ಕೈಯಲ್ಲಿಟ್ಟು ಹೋಗಿದ್ದಳು. ಅವನನ್ನು ಕುಂದಾಪುರದಿಂದ ಕರೆಸಿ, ಗಂಡ ಸದಾಶಿವ ರಾಯರ ಉಡುಪಿ ಹೋಟೆಲಿನ ಎದುರಿನ ಅಂಗಳದಲ್ಲೇ ಒಂದು ಗೂಡಂಗಡಿ ಹಾಕಿಸಿಕೊಟ್ಟವಳು ಅವಳೇ. ಪರವಾನಗಿಯೂ ಅವಳ ಹೆಸರಿನಲ್ಲೇ ಇತ್ತು. ಬೀಡಿ, ಸಿಗರೇಟು, ಪಾನಿನ ಜೊತೆ ಗಣಪತಿ ಮಣ್ಣಿನ ಚಿಲುಮೆ, ತಂಬಾಕು ಸುತ್ತುವ ತೆಳು ಕಾಗದ, ಗಾಜಿನ ಸಣ್ಣ ಕೊಳವೆಗಳನ್ನೂ ಮಾರುತ್ತಿದ್ದ. ಸುತ್ತಲೂ ಹಾಸ್ಟೆಲುಗಳು. ಕೊಳ್ಳುವವರಿಗೆ ಬರವಿರಲಿಲ್ಲ.

ತೊಂಬತ್ತಾರರ ಮಳೆಗಾಲ ಮುಗಿಯುತ್ತಿದ್ದಂತೆ ಊರಿನ ಅಧಿಕಾರಿಗಳು ಒಂದು ನಿಷೇಧ ಹೊರಡಿಸಿದರು. ಗಾಂಜಾ, ಅಫೀಮು ಸೇದಲು ಬಳಸಬಹುದಾದ ಯಾವ ಸಾಮಾನನ್ನೂ ಆ ಭಾಗದಲ್ಲಿ ಮಾರಕೂಡದಂತೆ. ಬಳಸಬಹುದಾದದ್ದು ಎಂದರೆ ಯಾವುದು? ಆ ಪುಣ್ಯಾತ್ಮರು ಅದನ್ನೊಂದು ಹೇಳಿರಲಿಲ್ಲ. ಬಂದ ಇನ್‌ಸ್ಪೆಕ್ಟರು ಗಣಪತಿಯ ಚಿಲುಮೆಗಳನ್ನು ಗೋಣಿಗೆ ತುಂಬಿಸಿದ. ಪಕ್ಕದ ಪಾತ್ರೆ ಅಂಗಡಿಯ ಚಿಕ್ಕ ಚಮಚಗಳನ್ನೂ ತುಂಬಿಸಿದ. ಗೂಡಂಗಡಿಗೆ ಸೀಲು ಬಿತ್ತು. ನಿಷೇಧ ಉಳಿದರೆ ಗಣಪತಿಯ ಮೇಲೆ ಕೇಸು, ಕೇಸು ಗಟ್ಟಿಯಾದರೆ ಜೈಲು. ಯಶೋದಾಳಿಗೆ ಊಟ ಸೇರದಾಯಿತು.

ಅಂಗಡಿಯವರೆಲ್ಲ ಸೇರಿ ಅಹಮದಾಬಾದಿನ ಹೈಕೋರ್ಟಿನಲ್ಲಿ ನಿಷೇಧವನ್ನು ಪ್ರಶ್ನಿಸುವುದೆಂದು ತೀರ್ಮಾನಿಸಿದರು. ವಕೀಲ ಪಂಡ್ಯಾ ಅವರಿಗೆ ಮೊದಲ ಅರ್ಜಿದಾರರಾಗಿ ಸದಾಶಿವ ರಾಯರೇ ಬೇಕಿತ್ತು. ಗೂಡಂಗಡಿ ನಿಂತದ್ದು ಅವರ ಹೋಟೆಲಿನ ಜಾಗದಲ್ಲಿ. ಮೇಲಾಗಿ ಸಾಂಬಾರಿಗೆ ಈರುಳ್ಳಿಯನ್ನೂ ಹಾಕದ ಮನುಷ್ಯ ಪ್ರಮಾಣ ಮಾಡಿದರೆ ನ್ಯಾಯಾಧೀಶರಿಗೂ ನಂಬಿಕೆ ಬಂದೀತು. ಪ್ರಮಾಣಪತ್ರ ತಯಾರಾಗಿ ಬಂತು. ಈ ಅಂಗಡಿಯಲ್ಲಿ ತಂಬಾಕು ಸೇದುವವರಿಗಲ್ಲದೆ ಬೇರೆ ಯಾರಿಗೂ ಇವನ್ನು ಮಾರಿಲ್ಲ, ದೇವರ ಸಾಕ್ಷಿಯಾಗಿ ಇದು ಸತ್ಯ, ಎಂದಿತ್ತು ಅದರಲ್ಲಿ. ರಾಯರು ಓದಿದರು, ಕನ್ನಡಕ ತೆಗೆದರು, "ನೋಡುವ" ಎಂದು ಮಡಚಿಟ್ಟರು. ವಾರ ಕಳೆದರೂ ನೋಡುತ್ತಲೇ ಇದ್ದರು.

ಯಶೋದಾಳ ತಲೆಯೊಳಗಿನ ಗಿರಣಿ ತಿರುಗತೊಡಗಿತು. ಗೂಡಂಗಡಿಯ ಮುಂದಿನ ಹಾಸ್ಟೆಲ್ ಹುಡುಗರ ಗುಂಪಿನಿಂದಾಗಿ ಸಂಸಾರಸ್ಥರು ಹೋಟೆಲಿಗೆ ಬರುವುದು ಕಡಿಮೆಯಾಗಿದೆ ಎಂದು ಬೇಸಿಗೆಯಲ್ಲಿ ಗೊಣಗಿದವರು ಯಾರು? ಸೀಲು ಹಾಕಿದ ಇನ್‌ಸ್ಪೆಕ್ಟರನ್ನು ಕೂರಿಸಿ ಕಾಫಿ ಕೊಟ್ಟವರು ಯಾರು? ಭಾವನಿಗೆ ಭಾವಮೈದುನ ಬೇಡವಾಗಿದ್ದಾನೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ಪೊಲೀಸರ ಕೈಯಿಂದ ಹೊರಗೆ ಹಾಕಿಸುತ್ತಿದ್ದಾರೆ! ಮಧ್ಯಾಹ್ನ ಅವರು ಊಟಕ್ಕೆ ಕುಳಿತಾಗ ನೇರವಾಗಿಯೇ ಕೇಳಿದಳು.

"ನೀವೇ ಅಲ್ವಾ ಚಾಡಿ ಹೇಳಿದ್ದು?"

"ನಿಂಗೆ ತಲೆ ಸರಿ ಉಂಟಾ?"

"ಹಾಗಾದ್ರೆ ಸೈನ್ ಹಾಕ್ಲಿಕ್ಕೆ ಎಂತ ದಾಡಿ?"

"ಅವ ಅಲ್ಲಿ ಯಾರಿಗೆ ಎಂತ ಕೊಡ್ತಿದ್ದ ಅಂತ ನಂಗೆ ಗೊತ್ತಿಲ್ಲ ಮಾರಾಯ್ತಿ. ಗೊತ್ತಿಲ್ಲದ್ದಕ್ಕೆ ದೇವರ ಸಾಕ್ಷಿ ಹಾಕುದು ಹೇಗೆ?"

"ಸರಿ. ಚಾಡಿ ಹೇಳ್ಲಿಲ್ಲ ಅಂತ ನನ್ನ ತಲೆ ಮೇಲೆ ಕೈ ಇಟ್ಟು ಹೇಳಿ."

ರಾಯರು ಕೈಯನ್ನು ಹಿಂದಕ್ಕೆ ಎಳೆದುಕೊಂಡರು. "ಆಣೆ ಗೀಣೆ ಎಲ್ಲ ಬೇಡ. ನಿನ್ನ ತಲೆ ಮೇಲೆ ನಿಜವನ್ನೂ ಇಡುದಿಲ್ಲ, ಸುಳ್ಳನ್ನೂ ಇಡುದಿಲ್ಲ."

ಕರಾವಳಿಯ ಹಳಬರು ಹಾಗೆಯೇ. ಕೋರ್ಟು ಕಚೇರಿಗೆ ಹೆದರದವರು ಆಣೆಗೆ ಹೆದರುತ್ತಾರೆ. ಒಮ್ಮೆ ಇಟ್ಟ ಆಣೆ ಮನೆಮಂದಿಗೆಲ್ಲ ತಾಗುತ್ತದೆ, ಅದನ್ನು ಬಿಡಿಸಿಕೊಳ್ಳಲು ಧರ್ಮಸ್ಥಳಕ್ಕೇ ಹೋಗಬೇಕು ಎಂದು ಸತ್ಯವಂತರೂ ಬಾಯಿ ಮುಚ್ಚಿಕೊಳ್ಳುತ್ತಾರೆ. ಯಶೋದಾಳಿಗೆ ಇದು ತಿಳಿಯದ್ದಲ್ಲ. ಆದರೆ ಸಂಶಯ ಹೊಕ್ಕ ತಲೆಯಲ್ಲಿ ತಿಳಿದದ್ದಕ್ಕೆ ಜಾಗವೆಲ್ಲಿ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು, ಅಷ್ಟೇ, ಎಂದುಕೊಂಡಳು. ಪರವಾನಗಿ ತನ್ನದಲ್ಲವೇ? ತಾನೇ ಅರ್ಜಿದಾರಳಾಗುತ್ತೇನೆಂದು ವಕೀಲರಿಗೆ ಫೋನು ಮಾಡಿಸಿದಳು.

ಮರುದಿನ ಬೆಳಗಿನ ರೈಲಿನಲ್ಲಿ ಅಕ್ಕ ತಮ್ಮ ಅಹಮದಾಬಾದಿಗೆ ಹೊರಟರು. ಗಣಪತಿ ದಾರಿಯುದ್ದಕ್ಕೂ ಅಕ್ಕನಿಗೆ ಶೇಂಗಾ ಸುಲಿದುಕೊಡುತ್ತ ಭಾವನನ್ನು ಕ್ಷಮಿಸುತ್ತಿದ್ದ. "ಪಾಪ ಅಕ್ಕ, ಭಾವನಿಗೆ ಹೋಟೆಲಿನದ್ದೇ ಚಿಂತೆ" ಎನ್ನುತ್ತಿದ್ದ. ಎಂಥ ದೊಡ್ಡ ಮನಸ್ಸು ಎಂದು ಯಶೋದಾಳ ಕಣ್ಣು ತುಂಬಿತು.

ಪಂಡ್ಯಾ ಅವರ ಆಫೀಸು ವಸ್ತ್ರಾಪುರದ ಅವರ ಮನೆಯಲ್ಲೇ ಇತ್ತು. ಅವರು ಪ್ರಮಾಣಪತ್ರವನ್ನು ಹಿಂದಿಯಲ್ಲಿ ಬಿಡಿಸಿ ಹೇಳಿದರು. ವಾದವೇನೋ ಗಟ್ಟಿಯಾಗಿಯೇ ಇತ್ತು: ಇಂಥದ್ದೇ ವಸ್ತು ಎಂದು ಹೇಳದೆ ನಿಷೇಧಿಸಿದರೆ ನಾಳೆ ಚಹಾ ಸೋಸುವ ಜಾಲರಿಯನ್ನೂ ಒಯ್ಯಬಹುದು. ಯಶೋದಾ ತಲೆಯಾಡಿಸಿದಳು. ಆದರೆ ದೇವರ ಸಾಕ್ಷಿಯ ಸಾಲಿಗೆ ಬಂದಾಗ ಅವಳ ಪೆನ್ನು ನಿಂತಿತು. ತಮ್ಮನ ಮೇಲೆ ಸಂಶಯವಿರಲಿಲ್ಲ. ದೇವರ ಹೆಸರು ಬಂದಾಗ ಒಂದು ಮಾತು ಕೇಳಿಯೇ ಮುಂದುವರಿಯುವುದು ಊರಿನ ಕ್ರಮ. ಗಣಪತಿಯನ್ನು ಜಗಲಿಗೆ ಕರೆದಳು.

"ಎಂತದೂ ಇಲ್ಲ ಅಲ್ವಾ? ನನ್ನ ತಲೆ ಮೇಲೆ ಕೈ ಇಟ್ಟು ಹೇಳು, ಸೈನ್ ಹಾಕ್ತೇನೆ."

ಅವಳ ಮಾತು ಮುಗಿಯುವ ಮೊದಲೇ ಅವನ ಕೈ ಅವಳ ತಲೆಯ ಮೇಲಿತ್ತು. "ನಿನ್ನಾಣೆ ಅಕ್ಕ! ತಂಬಾಕಿನವರಿಗೆ ಬಿಟ್ಟು ಬೇರೆ ಯಾರಿಗೂ ಕೊಟ್ಟವ ಅಲ್ಲ."

ಯಶೋದಾಳಿಗೆ ಗಂಡ ಎಳೆದುಕೊಂಡ ಕೈ ನೆನಪಾಯಿತು. ನಿಜವನ್ನೂ ಇಡಲು ಹಿಂಜರಿದ ಕೈ ಅದು. ಇದು ಪಾನಿಗೆ ಸುಣ್ಣ ಸವರಿದಷ್ಟು ಸಲೀಸಾಗಿ ಬಂದು ಕೂತಿದೆ.

"ಇನ್ನು ಧರ್ಮಸ್ಥಳದ ಮಂಜುನಾಥನ ಹೆಸರು ತೆಗೆದು ಹೇಳು."

ಕೈ ಕೆಳಗಿಳಿಯಿತು. "ಅದೆಲ್ಲ ಎಂತಕ್ಕೆ ಅಕ್ಕ? ದೇವರನ್ನು ಯಾಕೆ ನಡುವೆ ತರುದು?"

"ಹೇಳು."

"ಹಾಸ್ಟೆಲಿನ ಹುಡುಗರು ಕೇಳ್ತಿದ್ರು..." ಅವನು ಗೇಟಿನ ಕಡೆ ನೋಡುತ್ತ ಹೇಳಿದ. "ಚಿಲುಮೆ ಒಟ್ಟಿಗೆ ಸಣ್ಣ ಪೊಟ್ಟಣ. ಎಲ್ಲರೂ ಮಾರ್ತಾರೆ ಅಕ್ಕ. ನಾನು ಮಾರದಿದ್ರೆ ಮತ್ತೊಬ್ಬ."

ಗಾಂಜಾ ಮಾರಿದನೆಂಬ ಸಿಟ್ಟು ಆಮೇಲೆ ಬಂತು. ಮೊದಲು ಬಂದದ್ದು ಅಳು. ಮಂಜುನಾಥನಿಗೆ ಹೆದರುವವನಿಗೆ ಅಕ್ಕನ ತಲೆ ಇಷ್ಟು ಅಗ್ಗವಾಯಿತೇ? ತಾನು ಹುಳುಕು ಹುಡುಕಿದ್ದೆಲ್ಲ ಯಾರಲ್ಲಿ, ಕಣ್ಣು ಮುಚ್ಚಿ ನಂಬಿದ್ದು ಯಾರನ್ನು! ಒಳಗೆ ಹೋಗಿ ಪೆನ್ನನ್ನು ಮೇಜಿನ ಮೇಲಿಟ್ಟಳು. ಎಲ್ಲರೂ ಹಾಕುವ ಸಹಿಯೇ ಇದು ತಂಗಿ, ಎಂದರು ಪಂಡ್ಯಾ. ಅವಳು ಕೈಮುಗಿದು ಹೊರಟಳು.

ಮನೆಗೆ ಬಂದು ಗಂಡನ ಎದುರು ಎಲ್ಲವನ್ನೂ ಹೇಳಿ, "ನಿಮಗೆ ಅನುಮಾನ ಇತ್ತಲ್ಲ, ನಂಗೆ ಯಾಕೆ ಹೇಳ್ಲಿಲ್ಲ?" ಎಂದು ಕೇಳಿದಳು.

"ಹೇಳಿದ್ರೆ ನಂಬ್ತಿದ್ಯಾ?" ಎಂದರು ರಾಯರು. ಅವಳು ಅವರಿಗೆ ಮಜ್ಜಿಗೆ ಬಡಿಸಿದಳು.

ಪಾತ್ರೆ ಅಂಗಡಿಯವನನ್ನು ಮುಂದಿಟ್ಟುಕೊಂಡು ಅರ್ಜಿ ನಡೆಯಿತು. ಸಂಕ್ರಾಂತಿ ಕಳೆದ ಮೇಲೆ ಹೈಕೋರ್ಟು ನಿಷೇಧವನ್ನು ರದ್ದುಮಾಡಿತು. ಚಮಚಗಳೂ ಚಿಲುಮೆಗಳೂ ಮರಳಿ ಬಂದವು. ಕೇಸಿಲ್ಲ, ಜೈಲಿಲ್ಲ. ಬೀದಿಯಲ್ಲಿ ಪೇಢೆ ಹಂಚಿದರು. ಗಣಪತಿ ಹೊಸ ಅಂಗಿ ತೊಟ್ಟು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ.

"ಅಕ್ಕ, ಗೆದ್ದೆವು. ಗೂಡಂಗಡಿಯ ಬೀಗದ ಕೈ ಕೊಡು."

"ಕೊಡುದಿಲ್ಲ."

"ಕೋರ್ಟೇ ಬಿಟ್ಟಿದೆಯಲ್ಲ! ನಿಂಗೆ ನನ್ನ ಮೇಲೆ ಇನ್ನೂ ಸಂಶಯವಾ?"

"ಇಲ್ಲ ಮಾರಾಯ," ಎಂದಳು ಯಶೋದಾ. "ಸಂಶಯ ಇದ್ದಿದ್ರೆ ಕೊಡ್ತಿದ್ದೆ."