ನನ್ನ ಬಲಗೈಯ ಒಡೆಯರು

ನಾನು ಒಂದು ಅವತಾರ. ಅವಸರಪಟ್ಟು ಕೈ ಮುಗಿಯಬೇಡಿ, ನಾನು ದೇವರದ್ದಲ್ಲ, ಕಂಪ್ಯೂಟರಿನದ್ದು. ವಿಆರ್ ಹೆಡ್‌ಸೆಟ್ ಎಂಬ ದಪ್ಪ ಡಬ್ಬಿಯಂಥ ಕನ್ನಡಕವನ್ನು ಕಣ್ಣಿಗೆ ಕಟ್ಟಿಕೊಂಡವರಿಗೆ ಮಾತ್ರ ನಾನು ಕಾಣಿಸುತ್ತೇನೆ. ಕಟ್ಟಿಕೊಂಡ ಕೂಡಲೇ ಅವರಿಗೆ ತಮ್ಮ ಮೈ ಮರೆತುಹೋಗಿ ನನ್ನ ಮೈಯೇ ತಮ್ಮದಾಗುತ್ತದೆ. ಅವರು ಕೈ ಎತ್ತಿದರೆ ನನ್ನ ಕೈ ಏಳುತ್ತದೆ, ಅವರು ತಲೆ ತಿರುಗಿಸಿದರೆ ನನ್ನ ತಲೆ ತಿರುಗುತ್ತದೆ.

ನಾನು ಹುಟ್ಟಿದ್ದು ಹುಬ್ಬಳ್ಳಿಯ ಒಂದು ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ. ಹೆತ್ತವಳು ತಸ್ನೀಮ್, ಅಲ್ಲಿ ಸಂಶೋಧನೆ ಮಾಡುತ್ತಿದ್ದ ಹುಡುಗಿ. ಕೂದಲು ಇಟ್ಟರೆ ಕಂಪ್ಯೂಟರ್ ನಿಧಾನವಾಗುತ್ತದೆಂದು ನನ್ನ ತಲೆ ಬೋಳಾಯಿತು. ಕಾಲು ಯಾರಿಗೂ ಬೇಕಿಲ್ಲವೆಂದು ಸೊಂಟದ ಕೆಳಗೆ ಏನೂ ಬರಲಿಲ್ಲ. ಆದರೆ ನನ್ನ ಬಲಗೈಯ ವಿಷಯದಲ್ಲಿ ಮಾತ್ರ ಅವಳು ಕೊಂಚವೂ ಜಿಪುಣತನ ಮಾಡಲಿಲ್ಲ. ಗೆಣ್ಣು, ಉಗುರು, ಅಂಗೈಯ ಗೆರೆ, ಎಲ್ಲವನ್ನೂ ತನ್ನ ಕೈ ನೋಡಿ ನೋಡಿ ಮಾಡಿದಳು. ಲ್ಯಾಬಿನ ಉಳಿದವರು ನನ್ನನ್ನು ಬೋಳಪ್ಪ ಎಂದು ಕರೆದರು. ನನ್ನ ಕೈ ನೋಡಿದ್ದರೆ ಹಾಗೆ ಕರೆಯುತ್ತಿರಲಿಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ.

ನನ್ನ ಜಾತಿಯ ಬೇರೆಯವರಿಗೂ ನನಗೂ ಒಂದು ವ್ಯತ್ಯಾಸವಿತ್ತು. ಅವರ ಮೈಯಲ್ಲಿ ಒಬ್ಬರೇ ಇರುತ್ತಾರೆ. ನನ್ನ ಮೈಯಲ್ಲಿ ಒಮ್ಮೆಗೇ ಇಬ್ಬರು. ಇಬ್ಬರೂ ನನ್ನ ಎರಡು ಕಣ್ಣುಗಳಿಂದಲೇ ನೋಡುತ್ತಾರೆ, ಇಬ್ಬರೂ ನನ್ನ ಒಂದೇ ಬಲಗೈಯನ್ನು ಆಡಿಸುತ್ತಾರೆ. ಒಬ್ಬರು ಎಡಕ್ಕೂ ಇನ್ನೊಬ್ಬರು ಬಲಕ್ಕೂ ಹೋದರೆ ನನ್ನ ಕೈ ನಡುವೆ ನಿಲ್ಲುತ್ತದೆ. ಯಾರ ಪಾಲು ಎಷ್ಟು ಎಂಬುದನ್ನು ತಸ್ನೀಮ್ ತನ್ನ ಮೇಜಿನಿಂದ ಹೆಚ್ಚು ಕಡಿಮೆ ಮಾಡುತ್ತಿದ್ದಳು. ಪಾಲು ಎಷ್ಟೆಂದು ನನ್ನೊಳಗಿದ್ದವರಿಗೆ ಹೇಳುತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಒಂದೇ ಪ್ರಶ್ನೆ ಕೇಳುತ್ತಿದ್ದಳು: ಆ ಕೈ ಎಷ್ಟು ನಿಮ್ಮದು ಅನ್ನಿಸಿತು?

ಮೊದಮೊದಲು ಬಂದವರು ಕಾಲೇಜಿನ ಹುಡುಗ ಹುಡುಗಿಯರು. ಚೆಂಡು ಹಿಡಿದು ಬುಟ್ಟಿಗೆ ಹಾಕುವ ಆಟ. ಚೆಂಡು ಬುಟ್ಟಿಗೆ ಬಿದ್ದರೆ ಇಬ್ಬರೂ ‘ನಾನೇ ಹಾಕಿದೆ’ ಎನ್ನುತ್ತಿದ್ದರು. ನೆಲಕ್ಕೆ ಬಿದ್ದರೆ ಇಬ್ಬರೂ ‘ಅವನೇ ಎಳೆದ’ ಎನ್ನುತ್ತಿದ್ದರು. ನನಗೆ ನಗು ಬರುತ್ತಿತ್ತು, ಆದರೆ ತಸ್ನೀಮ್ ನನಗೆ ನಗುವ ಬಾಯಿ ಕೊಟ್ಟಿರಲಿಲ್ಲ. ಹೀಗೆ ನೂರಾರು ಜನರ ಕೈಗೆ ಸಿಕ್ಕು ನಾನು ಒಂದು ಮಾತು ಕಲಿತೆ. ಮನಸ್ಸು ಬಯಸಿದ ಕಡೆಗೆ ಕೈ ಹೋದರೆ ಸಾಕು, ಮನುಷ್ಯರು ಅದನ್ನು ತಮ್ಮ ಕೈ ಎಂದೇ ನಂಬಿಬಿಡುತ್ತಾರೆ. ಹೊತ್ತೊಯ್ದವರು ಯಾರು ಎಂದು ತಿರುಗಿ ನೋಡುವವರಿಲ್ಲ.

ಆಮೇಲೆ ಗದಗಿನಿಂದ ಫಕೀರಪ್ಪನೂ ಅವನ ಹೆಂಡತಿ ಶಾವಂತ್ರವ್ವನೂ ಬಂದರು.

ಫಕೀರಪ್ಪ ಬೋರ್ಡ್ ಬರೆಯುವ ಪೇಂಟರ್. ಗದಗ, ಬೆಟಗೇರಿ, ಹುಬ್ಬಳ್ಳಿಯ ಅಂಗಡಿ ಸಾಲುಗಳಲ್ಲಿ ಒಂದು ಕಾಲಕ್ಕೆ ಅವನ ಅಕ್ಷರಗಳೇ. ತಸ್ನೀಮಳ ಅಪ್ಪನ ಟೇಲರ್ ಅಂಗಡಿಯ ಬೋರ್ಡನ್ನೂ ಅವನೇ ಬರೆದಿದ್ದ. ಫ್ಲೆಕ್ಸ್ ಬಂದು ಅವನ ಅರ್ಧ ಕೆಲಸ ಕಸಿದುಕೊಂಡಿತು. ಉಳಿದರ್ಧವನ್ನು ಕೈ ನಡುಗುವ ಕಾಯಿಲೆ ತಿಂದುಹಾಕಿತು. ಕುಂಚ ಹಿಡಿದರೆ ತುದಿ ತಗಡಿನ ಮೇಲೆ ಟಕಟಕ ಕುಣಿಯುತ್ತಿತ್ತು. ನಡುಗುವ ಕೈಗೆ ಇನ್ನೊಂದು ಕೈ ಆಸರೆಯಾಗಬಲ್ಲದೇ ಎಂದು ನೋಡುವುದು ತಸ್ನೀಮಳ ಹೊಸ ಪ್ರಯೋಗ. ಅವಳು ತಾನೇ ಹೋಗಿ ಅವನನ್ನು ಕರೆತಂದಳು.

ಅವನು ಒಪ್ಪಿದ್ದಕ್ಕೆ ಬೇರೆ ಕಾರಣವಿತ್ತು. ಮಗಳು ಅನಸೂಯಾ ಖಾರ ಕುಟ್ಟುವ ಗಿರಣಿ ಹಾಕುವವಳಿದ್ದಳು. ಅಪ್ಪ ಬರೆದ ಬೋರ್ಡ್ ಇಲ್ಲದೆ ಬಾಗಿಲು ತೆರೆಯುವುದಿಲ್ಲ ಎಂದು ಹಟ ಹಿಡಿದಿದ್ದಳು. ನನ್ನ ಕೈಯಿಂದ ಗಾಳಿಯಲ್ಲಿ ಬರೆದ ಅಕ್ಷರಗಳನ್ನು ಬೋರ್ಡಿನಷ್ಟೇ ದೊಡ್ಡ ಕಾಗದದ ಮೇಲೆ ಪ್ರಿಂಟ್ ತೆಗೆಯಬಹುದೆಂದು ತಸ್ನೀಮ್ ಹೇಳಿದಳು. ಕಾಗದದ ಗೆರೆಗುಂಟ ಸೂಜಿಯಿಂದ ತೂತು ಮಾಡಿ, ತಗಡಿನ ಮೇಲಿಟ್ಟು ಕೆಮ್ಮಣ್ಣಿನ ಪುಡಿ ಬಡಿದರೆ ಅಕ್ಷರ ತಗಡಿಗೆ ಇಳಿಯುತ್ತದೆ. ಅದು ಫಕೀರಪ್ಪನಿಗೆ ಗೊತ್ತಿದ್ದ ಹಳೆಯ ಕೆಲಸವೇ.

ಜೊತೆಗೆ ಯಾರು ಎಂಬ ಪ್ರಶ್ನೆ ಬಂದಾಗ ಅವನು ಹೆಂಡತಿಯ ಕಡೆ ನೋಡಿದ. ಮದುವೆಯಾದಾಗಿನಿಂದ ಅವರ ಮನೆಯಲ್ಲಿ ಕೆಲಸ ಹಂಚಿಹೋಗಿತ್ತು. ಅಕ್ಷರದ ಅಂಚು ಎಳೆಯುವುದು ಗಂಡ, ಒಳಗೆ ಬಣ್ಣ ತುಂಬುವುದು ಹೆಂಡತಿ. ಶಾವಂತ್ರವ್ವನಿಗೆ ಓದು ಬರುತ್ತಿರಲಿಲ್ಲ. ಅಕ್ಷರಗಳಿಗೆ ಅವಳೇ ಹೆಸರಿಟ್ಟುಕೊಂಡಿದ್ದಳು. ‘ರ’ ಎಂದರೆ ಸೆರಗು ಹೊತ್ತ ಗಡಿಗೆ. ‘ಗ’ ಎಂದರೆ ಬಾಗಿಲ ಕಮಾನು. ‘ಣ’ ಎಂದರೆ ಹೊರಳಾಡುವ ಬೆಕ್ಕು. ಗಂಡ ಪ್ರತಿ ತಲೆಕಟ್ಟಿನ ತುದಿಯನ್ನೂ ಮೀಸೆಯ ತುದಿಯಂತೆ ಮೇಲಕ್ಕೆ ತಿರುಗಿಸುತ್ತಿದ್ದ. ಆ ಸಣ್ಣ ತಿರುವಿನೊಳಗೂ ಬಣ್ಣ ಹರಿಸಬೇಕಾದವಳು ಅವಳೇ.

ಮೊದಲ ದಿನ ಇಬ್ಬರೂ ನನ್ನೊಳಗೆ ಬಂದರು. ಅವನ ಕೈ ಬಂದಾಗ ನನ್ನ ಗೆಣ್ಣುಗಳೆಲ್ಲ ಗದಗುಟ್ಟಿದವು. ಅವಳ ಕೈ ಮೆಲ್ಲಗೆ ಬಂತು, ಬಾಗಿಲ ಹೊರಗೇ ನಿಂತು ಒಳಗೆ ಬರಲೋ ಬೇಡವೋ ಎನ್ನುವ ಹಾಗೆ. ಅರ್ಧ ಅರ್ಧ ಪಾಲಿನಲ್ಲಿ ಬರೆದ ಮೊದಲ ‘ಅ’ ಚಳಿಗೆ ನಡುಗಿದ ಹಾಗಿತ್ತು. ಆದರೂ ಮನೆಯಲ್ಲಿ ಬರೆದದ್ದಕ್ಕಿಂತ ಚೆನ್ನಾಗಿತ್ತು. ತಸ್ನೀಮ್ ಒಂದೊಂದು ವಾರವೂ ಶಾವಂತ್ರವ್ವನ ಪಾಲನ್ನು ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತ ಹೋದಳು. ಅಕ್ಷರಗಳ ನಡುಕ ನಿಲ್ಲುತ್ತ ಬಂತು. ಒಂದು ದಿನ ‘ಅನಸೂಯಾ’ ಎಂಬ ಹೆಸರು ಬೆಣ್ಣೆಯಲ್ಲಿ ಕೂದಲು ಎಳೆದಷ್ಟು ಸಲೀಸಾಗಿ ಬಂದುಬಿಟ್ಟಿತು.

“ನೋಡ ಶಾವಂತ್ರಿ! ನನ್ನ ಕೈ ತಿರುಗಿ ಬಂತು!” ಎಂದು ಫಕೀರಪ್ಪ ಕೂಗಿದ. ಡಬ್ಬಿಯ ಕೆಳಗಿಂದ ಅವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತಂತೆ. ಆಮೇಲೆ ತಸ್ನೀಮ್ ಗೆಳತಿಗೆ ಹೇಳುವಾಗ ಕೇಳಿಸಿಕೊಂಡೆ.

ಅಂದು ತಸ್ನೀಮ್ ಪ್ರಶ್ನೆ ಕೇಳಿದಾಗ ಅವನು, “ಎಷ್ಟು ಅಂತ ಏನ್ ಕೇಳ್ತಿ ಮಗಳ, ಎಲ್ಲಾ ನಂದ,” ಎಂದ. ಶಾವಂತ್ರವ್ವ, “ನಂದೇನೈತವ್ವಾ ಅದರಾಗ? ಎಲ್ಲಾ ಅವರದ,” ಎಂದಳು. ಇಬ್ಬರ ಉತ್ತರ ಒಂದೇ. ಇಬ್ಬರದೂ ತಪ್ಪು. ಆ ಹೊತ್ತಿಗೆ ನನ್ನ ಕೈ ಹೆಚ್ಚು ಕಡಿಮೆ ಪೂರ್ತಿ ಶಾವಂತ್ರವ್ವನ ಕೈಯಾಗಿತ್ತು. ನನಗೆ ಗೊತ್ತಿತ್ತು, ಆದರೆ ಬಾಯಿಲ್ಲದವನು ಏನು ಮಾಡಲಿ?

ಫಕೀರಪ್ಪನ ಸಂತೋಷ ಕೈ ಮೀರಿತು. ಮನೆಯಲ್ಲಿ ಚಹಾದ ಬಟ್ಟಲು ಹಿಡಿದರೆ ಕೈ ಎಂದಿನಂತೆ ನಡುಗುತ್ತಿತ್ತು. ಹೆಂಡತಿ ಅದನ್ನು ನೋಡಿದರೆ, “ಅದು ಚಾ ಕುಡಿಯೋ ಕೈ, ಇದು ಬರಿಯೋ ಕೈ,” ಎಂದು ವಾದ ಮಾಡುತ್ತಿದ್ದ. ಕೊನೆಗೆ ಒಂದು ದಿನ ಲ್ಯಾಬಿಗೆ ಬಂದವನೇ ಎದೆಯುಬ್ಬಿಸಿ ಹೇಳಿದ: “ಕಾಗದಾ ಗೀಗದಾ ಬ್ಯಾಡ ಮಗಳ. ಗಿರಣಿ ಸುರು ಮಾಡೋ ದಿನ ಮಂದಿ ಮುಂದ ನಾನ ಏಣಿ ಹತ್ತಿ ತಗಡಿನ ಮ್ಯಾಲ ಬರೀತೀನಿ. ಹಳೇ ಪೇಂಟರ್ ಎಲ್ಲಾರಿಗೂ ಹೇಳಿ ಕಳಿಸೀನಿ.”

ತಸ್ನೀಮಳ ಮುಖ ಬಾಡಿತು. ಫಕೀರಪ್ಪ ಮುಖ ತೊಳೆಯಲು ಹೊರಗೆ ಹೋದಾಗ ಶಾವಂತ್ರವ್ವ ಅವಳ ಹತ್ತಿರ ಸರಿದಳು.

“ಖರೇ ಹೇಳವ್ವಾ. ಈ ಮಷೀನ ಅವರಿಗೆ ಕೈ ಹಿಡಿಯಾಕತ್ತೈತೇನ?”

“ಮಷೀನ ಅಲ್ಲ ಕಾಕು, ನೀವು,” ಎಂದಳು ತಸ್ನೀಮ್. “ಬರಿಯಾಕತ್ತೋರು ನೀವು.”

ಶಾವಂತ್ರವ್ವ ತನ್ನ ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಕದ್ದದ್ದನ್ನು ಮುಚ್ಚಿಟ್ಟುಕೊಂಡ ಹಾಗೆ ಕಂಡಿತೆಂದು ತಸ್ನೀಮ್ ಆಮೇಲೆ ಹೇಳಿದಳು.

“ಅವರಿಗೆ ಹೇಳಬ್ಯಾಡವ್ವಾ. ಎದಿ ಒಡಕೊಂತಾರ.”

“ಹೇಳದಿದ್ರ ಏಣಿ ಹತ್ತತಾರ ಕಾಕು. ಮಂದಿ ಮುಂದ ಕೈ ನಡುಗಿದ್ರ ಏನು ಗತಿ? ನಾ ಹೇಳಲೇಬೇಕು.”

ಶಾವಂತ್ರವ್ವ ಬಾಗಿಲ ಕಡೆ ನೋಡಿದಳು. ಆಮೇಲೆ, “ನೀ ಬ್ಯಾಡ. ನಾನ ಹೇಳತೀನಿ,” ಎಂದಳು.

ಅವಳು ಹೇಳಿದ ರೀತಿಯನ್ನು ಮಾತ್ರ ನಾನು ಯಾರಿಂದಲೂ ಕೇಳಬೇಕಾಗಿಲ್ಲ. ಅದು ನನ್ನ ಕೈಯಲ್ಲೇ ಆಯಿತು. ಇಬ್ಬರೂ ನನ್ನೊಳಗೆ ಬಂದು ‘ಅನಸೂಯಾ ಖಾರದ’ ಎಂದು ಬರೆದರು. ಮುಂದೆ ‘ಗಿರಣಿ’ ಬರೆಯಬೇಕು, ಅದರ ‘ಗಿ’ ಅಕ್ಷರದ ಕಮಾನು ಅರ್ಧ ಏರಿತ್ತು. ಅಲ್ಲಿ ಅವಳು ನಿಲ್ಲಿಸಿಬಿಟ್ಟಳು. ಫಕೀರಪ್ಪ ಕೈ ಮುಂದಕ್ಕೆ ಒಯ್ದ. ನಾನು ಕದಲಲಿಲ್ಲ. ಅವನು ಮತ್ತೆ ಎಳೆದ. ನನ್ನ ಬೆರಳ ತುದಿಯಲ್ಲಿ ಎಳ್ಳಷ್ಟು ನಡುಕ ಬಂತೇ ಹೊರತು ಕೈ ನಿಂತಲ್ಲೇ ನಿಂತಿತು. ಎಷ್ಟೋ ಜನ ನನ್ನನ್ನು ಜಗ್ಗಾಡಿದ್ದಾರೆ. ಆ ಹೊತ್ತಿನಷ್ಟು ಸಂಕಟ ನನಗೆ ಎಂದೂ ಆಗಿಲ್ಲ.

“ಕೆಟ್ಟಿತೇನ ಇದು? ಯಾಕ ನಿಂತೈತಿ?”

“ನಾ ನಿಲ್ಲಿಸೀನ್ರಿ,” ಎಂದಳು ಶಾವಂತ್ರವ್ವ.

“ನೀ ನಿಲ್ಲಿಸಿದ್ರ ನನ್ನ ಕೈ ಯಾಕ ನಿಲ್ಲತೈತಿ?”

ನಾವು ಮೂವರೂ ಅರ್ಧ ಕಮಾನಿನ ಮುಂದೆ ನಿಂತೆವು. ಅವನ ಕೈ ಮೂರನೆಯ ಸಲ ಎಳೆಯಿತು, ಈ ಸಲ ಬಲವಿಲ್ಲದೆ. ಆಮೇಲೆ ನಿಧಾನವಾಗಿ ಕೆಳಗಿಳಿಯಿತು.

“ಯಾವಾಗಿಂದ?”

“ನನಗೂ ಇವತ್ತ ಗೊತ್ತಾತ್ರಿ. ನೀವ ಬರೀತೀರಿ ಅಂತ ತಿಳದಿದ್ದೆ. ನಿಮ್ಮ ಹಿಂದ ಹಿಂದ ಬರಾಕತ್ತಿದ್ದೆ ನಾ.” ಅವಳ ಕೈ ಕಮಾನಿನಿಂದ ಕದಲಲಿಲ್ಲ. “ಏಣಿ ಹತ್ತಬ್ಯಾಡ್ರಿ. ನಿಮ್ಮ ಕಾಲು ಹಿಡೀತೀನಿ.”

ಫಕೀರಪ್ಪ ನನ್ನೊಳಗಿಂದ ಹೊರಟುಹೋದ. ಡಬ್ಬಿ ಬಿಚ್ಚಿ ಕುರ್ಚಿಯಲ್ಲಿ ಕೂತನಂತೆ. ನನ್ನ ಕಣ್ಣಿಗೆ ಕಾಣುವುದೆಲ್ಲ ಲ್ಯಾಬಿನ ಗೋಡೆಯ ಪರದೆಯ ಮೇಲೂ ಕಾಣುತ್ತಿತ್ತು. ಅವನು ಅದನ್ನೇ ನೋಡುತ್ತ ಕೂತ. ಶಾವಂತ್ರವ್ವ ಒಬ್ಬಳೇ ಒಳಗುಳಿದಳು. ಅವಳ ಅಳು ನನ್ನ ಮಣಿಕಟ್ಟಿನವರೆಗೂ ಬರುತ್ತಿತ್ತು. ಆಗ ಹೊರಗಿನಿಂದ ಅವನ ದನಿ ಕೇಳಿಸಿತು.

“ಮುಂದಿಂದು ಬರಿ.”

“ನನಗ ಅಕ್ಷರ ಬರಂಗಿಲ್ರಿ.”

“ಕಮಾನು ಅರ್ಧಕ್ಕ ಬಿಟ್ಟಿ. ಮುಗಸು.”

ಅವಳು ಬರೆದಳು. ಕಮಾನು ಮುಗಿಯಿತು. ಸೆರಗು ಹೊತ್ತ ಗಡಿಗೆ ಬಂತು. ಹೊರಳಾಡುವ ಬೆಕ್ಕು ಬಂತು. ಎಲ್ಲಿ ಏರಬೇಕೋ ಅಲ್ಲಿ ಏರಿ, ಎಲ್ಲಿ ಹೊಟ್ಟೆ ಬಿಡಬೇಕೋ ಅಲ್ಲಿ ಬಿಟ್ಟು, ಪ್ರತಿ ಅಕ್ಷರದ ತಲೆಯ ತುದಿಯೂ ಮೀಸೆಯಂತೆ ಮೇಲಕ್ಕೆ ತಿರುಗಿತು. ಅಷ್ಟು ವರ್ಷ ಅಂಚಿನ ಒಳಗೆ ಒಳಗೆ ಓಡಾಡಿದ ಕೈ ಅದು. ಈಗ ಅಂಚೇ ಇಲ್ಲದ ಕಡೆಯಲ್ಲೂ ಅದು ದಾರಿ ತಪ್ಪಲಿಲ್ಲ.

ಹೊರಗೆ ಫಕೀರಪ್ಪ ಎದ್ದು ಗೋಡೆಯ ಹತ್ತಿರ ಹೋದನಂತೆ. “ಇದು ನನ್ನ ಕೈನ ಐತಲ್ಲ ಮಗಳ,” ಎಂದ. “ಇಕಿ ಹತ್ರ ಐತಿ. ನಾ ಎಲ್ಲೆಲ್ಲೋ ಹುಡುಕಾಕತ್ತಿದ್ದೆ.”

ಆಮೇಲೆ ಅವನು ಮೂಗು ಒರೆಸಿಕೊಂಡು ಗದರಿದ. “ಅಳೋದು ಸಾಕು. ಹೆಸರು ಬರಿ ಈಗ. ಮೂಲ್ಯಾಗ.”

ಬೋರ್ಡಿನ ಕೆಳಗಿನ ಮೂಲೆಯಲ್ಲಿ ಪೇಂಟರ್ ಹೆಸರು ಬರೆಯುವುದು ಅವರ ವಾಡಿಕೆ. ಶಾವಂತ್ರವ್ವ ‘ಫಕೀರಪ್ಪ’ ಎಂದು ಬರೆಯಲು ಕೈ ಎತ್ತಿದಳು. ಅದನ್ನು ಅವಳು ಸಾವಿರ ಸಲ ತುಂಬಿದ್ದಳು.

“ನಂದಲ್ಲ. ನಿಂದು.”

ನನ್ನ ಕೈ ಗಾಳಿಯಲ್ಲೇ ನಿಂತುಬಿಟ್ಟಿತು. ಅವಳಿಗೆ ಊರಿನ ಅಂಗಡಿಗಳ ಹೆಸರೆಲ್ಲ ಬರುತ್ತಿದ್ದವು, ತನ್ನ ಹೆಸರು ಬರುತ್ತಿರಲಿಲ್ಲ. ಅದು ಯಾವ ಬೋರ್ಡಿನಲ್ಲೂ ಇರಲಿಲ್ಲ. ತುಂಬಲು ಯಾರೂ ಅಂಚು ಎಳೆದು ಕೊಟ್ಟಿರಲಿಲ್ಲ.

“ಅದು ಹೆಂಗಿರತೈತ್ರಿ?” ಎಂದು ಕೇಳಿದಳು, ಚಿಕ್ಕ ಹುಡುಗಿಯ ದನಿಯಲ್ಲಿ.

ಫಕೀರಪ್ಪ ತಸ್ನೀಮಳ ಕಡೆ ತಿರುಗಿ, “ನನ್ನನ್ನ ಒಳಗ ಬಿಡ. ಸರಿ ಅರ್ಧಾ ಅರ್ಧಾ ಇಡು,” ಎಂದ.

ಅವನು ಮತ್ತೆ ನನ್ನೊಳಗೆ ಬಂದ. ಮತ್ತೆ ಗೆಣ್ಣುಗಳು ನಡುಗಿದವು. ಈ ಸಲ ಅವಳಿಗೆ ದಾರಿ ಗೊತ್ತಿರಲಿಲ್ಲ, ಅವನಿಗೆ ಗೊತ್ತಿತ್ತು. ಅವಳ ಕೈಯಲ್ಲಿ ಸ್ಥಿರತೆ ಇತ್ತು, ಅವನ ಕೈಯಲ್ಲಿ ಇರಲಿಲ್ಲ. ಅವನು ತೋರಿಸಿದ, ಅವಳು ಹಿಡಿದಳು. ‘ಶಾವಂತ್ರವ್ವ’ ಎಂಬ ಹೆಸರು ಓಲಾಡುತ್ತ, ಅಲ್ಲಲ್ಲಿ ಎಡವುತ್ತ, ನಿಧಾನವಾಗಿ ಮೂಲೆಯಲ್ಲಿ ಬಂದು ಕೂತಿತು. ನನ್ನ ಕೈ ಬರೆದದ್ದರಲ್ಲೆಲ್ಲ ಅದೇ ಸೊಟ್ಟ. ಅದರಷ್ಟು ಪ್ರೀತಿಯ ಬರಹ ನನಗೆ ಇನ್ನೊಂದಿಲ್ಲ.

ತಸ್ನೀಮ್ ಬಿಡುವಳೇ? ಅಂದೂ ಬೇರೆ ಬೇರೆ ಕೂರಿಸಿ ಪ್ರಶ್ನೆ ಕೇಳಿದಳು. ಫಕೀರಪ್ಪ, “ಅರ್ಧಾ,” ಎಂದ. ಶಾವಂತ್ರವ್ವ ಸೆರಗಿನೊಳಗಿಂದ ಬಲಗೈ ಹೊರಗೆ ತೆಗೆದು ನೋಡಿಕೊಂಡಳು.

“ಅರ್ಧಾ ನಂದವ್ವಾ,” ಎಂದಳು.

ಗಿರಣಿ ಶುರುವಾದ ದಿನ ಏಣಿ ಹತ್ತಿದವಳು ಶಾವಂತ್ರವ್ವ. ಅಕ್ಷರಗಳು ಮೊದಲೇ ತಗಡಿಗೆ ಇಳಿದಿದ್ದವು, ಬಣ್ಣ ತುಂಬುವುದಷ್ಟೇ ಬಾಕಿ. ಫಕೀರಪ್ಪ ಹಳೇ ಪೇಂಟರುಗಳ ನಡುವೆ ಕೆಳಗೆ ನಿಂತು, ಎರಡೂ ಕೈಯಿಂದ ಏಣಿ ಹಿಡಿದುಕೊಂಡು, ಹಾಗಲ್ಲ ಹೀಗೆ ಎಂದು ಕೂಗುತ್ತಿದ್ದನಂತೆ. ಅವನ ನಡುಕಕ್ಕೆ ಏಣಿಯೂ ನಡುಗುತ್ತಿದ್ದರೆ ಅವಳು ಮೇಲಿನಿಂದ, “ಸ್ವಲ್ಪ ದೂರ ನಿಂದರ್ರಿ, ಬಣ್ಣ ಹೊರಗ ಹೋಗತೈತಿ,” ಎಂದು ಗದರಿದಳಂತೆ. ತಸ್ನೀಮ್ ಆ ಬೋರ್ಡಿನ ಫೋಟೋ ತಂದು, ನಾನಿರುವ ಕೋಣೆಯ ಗೋಡೆಗೆ, ಎಂದರೆ ಕಂಪ್ಯೂಟರಿನೊಳಗಿನ ಗೋಡೆಗೆ, ಹಾಕಿದಳು.

ಈಗ ನನಗೆ ವಯಸ್ಸಾಯಿತು. ನಮ್ಮ ಜಾತಿಗೆ ಮುಪ್ಪು ಬೇಗ. ತಸ್ನೀಮ್ ಓದು ಮುಗಿಸಿ ಬೇರೆ ಊರಿನ ಕೆಲಸಕ್ಕೆ ಹೋದಳು. ಕೂದಲೂ ಕಾಲೂ ಇರುವ ಹೊಸ ಅವತಾರ ಬಂದಿದೆ, ನಗುವ ಬಾಯಿಯೂ ಇದೆಯಂತೆ. ನಾನಿರುವ ಹಳೆಯ ಕಂಪ್ಯೂಟರ್ ಲ್ಯಾಬಿನ ಮೇಜಿನ ಕೆಳಗೆ, ಹರಿದ ವೈರುಗಳ ಜೊತೆಗಿದೆ. ಅಪರೂಪಕ್ಕೆ ಯಾರಾದರೂ ಅದನ್ನು ಚಾಲೂ ಮಾಡಿದರೆ ನನ್ನ ಕಣ್ಣು ಮೊದಲು ಹೋಗುವುದು ಆ ಫೋಟೋದ ಕಡೆಗೆ.

ದೊಡ್ಡ ಅಕ್ಷರಗಳನ್ನು ನಾನು ನೋಡುವುದಿಲ್ಲ, ಅವು ಚೆನ್ನಾಗಿವೆ ಎಂದು ಗೊತ್ತೇ ಇದೆ. ಕೆಳಗಿನ ಮೂಲೆಯ ಸೊಟ್ಟ ಹೆಸರನ್ನು ನೋಡುತ್ತೇನೆ. ನೂರಾರು ಜನ ನನ್ನ ಬಲಗೈಯನ್ನು ತಮ್ಮದೆಂದರು, ತಮ್ಮದಲ್ಲವೆಂದರು. ಆ ಹೆಸರು ಬರೆದ ಮೇಲೆ ಮಾತ್ರ ಇಬ್ಬರೂ ಸರಿಯಾದ ಲೆಕ್ಕ ಹೇಳಿದರು. ಅರ್ಧ ಅವನದು, ಅರ್ಧ ಅವಳದು. ನನಗೆಂದು ಅದರಲ್ಲಿ ಏನೂ ಉಳಿಯಲಿಲ್ಲ, ಆದರೂ ಆ ಹೆಸರು ಬರೆದದ್ದು ನನ್ನ ಕೈ ಎಂದೇ ನನಗೆ ಅನ್ನಿಸುತ್ತದೆ.