ಪೋನ್ ದಿನದ ತೆಳು ಬಿಲ್ಲೆಗಳು

ನನ್ನ ವೈರಿಂಗ್ ನೋಡಿದವರು ಒಮ್ಮೆಯಾದರೂ ತಲೆದೂಗಬೇಕು, ಅದು ನನ್ನ ಚಟ. ಜಾವಾದ ಸಿದೊಅರ್ಜೊ ಊರಿನ ನಮ್ಮ ಸೀಗಡಿ ಹಪ್ಪಳದ ಕಾರ್ಖಾನೆಗೆ ನಾನೊಬ್ಬನೇ ಎಲೆಕ್ಟ್ರಿಷಿಯನ್. ಕಳೆದ ವರ್ಷದ ಕಾರ್ಖಾನೆಗಳ ಅಚ್ಚುಕಟ್ಟು ಸ್ಪರ್ಧೆಗೆಂದು ಪ್ಯಾನಲ್ ಪೆಟ್ಟಿಗೆಯ ತಂತಿಗಳನ್ನೆಲ್ಲ ಒಟ್ಟುಗೂಡಿಸಿ, ಎರಡು ಬೆರಳ ಅಂತರಕ್ಕೊಂದು ಪ್ಲಾಸ್ಟಿಕ್ ಟೈ ಬಿಗಿದು, ಎಣ್ಣೆ ಹಚ್ಚಿ ಹೆಣೆದ ಜಡೆಯ ಹಾಗೆ ಇಳಿಬಿಟ್ಟಿದ್ದೆ. ಮೊದಲ ಬಹುಮಾನ ಬಂತು. ಅದರ ಫೋಟೊವನ್ನು 'ಮಾದರಿ ಕೆಲಸ' ಎಂದು ಬರೆದು ಪೆಟ್ಟಿಗೆಯ ಬಾಗಿಲಿಗೇ ಅಂಟಿಸಿದರು. ನಾನು ದಿನಕ್ಕೆರಡು ಸಲ ಕೆಲಸವಿಲ್ಲದಿದ್ದರೂ ಆ ದಾರಿಯಲ್ಲೇ ಹೋಗುತ್ತಿದ್ದೆ.

ಆ ಪೆಟ್ಟಿಗೆಯ ಪಕ್ಕದ್ದೇ ಕೊಯ್ಯುವ ಯಂತ್ರ. ಬೇಯಿಸಿ ಆರಿಸಿದ ಹಿಟ್ಟಿನ ಉರುಳೆ ಮುಂದೆ ಸರಿಯುತ್ತದೆ, ಪುಟ್ಟ ಗಾಲಿಯೊಂದು ಅದರ ಮೇಲೆ ಉರುಳುತ್ತದೆ, ಗಾಲಿ ಎಷ್ಟು ತಿರುಗಿತೆಂದು ಸೆನ್ಸರ್ ಎಣಿಸುತ್ತದೆ. ನಲವತ್ತು ಎಣಿಸಿದರೆ ಕತ್ತಿ ಬೀಳುತ್ತದೆ. ನಾಲ್ಕು ತಿಂಗಳಿಂದ ಈ ಎಣಿಕೆ ತಪ್ಪುತ್ತಿತ್ತು. ಕೆಲವು ದಿನ ಕತ್ತಿ ಮೊದಲೇ ಬಿದ್ದು, ಬಿಲ್ಲೆಗಳು ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿ, ಒಣಗುವಾಗಲೇ ಪುಡಿಯಾಗುತ್ತಿದ್ದವು. ಸೆನ್ಸರ್ ಎರಡು ಸಲ ಬದಲಿಸಿದೆ, ಕೊನೆಗೆ ಗಾಲಿಯೇ ಸವೆದಿರಬೇಕು ಅಂದುಕೊಂಡೆ. ಬೈಗುಳ ಮಾತ್ರ ಯಂತ್ರ ನಡೆಸುವ ಲಸ್ಮಿನಿ ಅಕ್ಕನಿಗೆ.

ಬುಧವಾರ ಮೇಲ್ವಿಚಾರಕ ಬುದಿಯಾರ್ಜೊ ಬಂದು ಒಂದು ಹಿಡಿ ಪುಡಿಯನ್ನು ಅವಳ ಮುಂದೆ ಸುರಿದರು.

"ಶುಕ್ರವಾರ ಸ್ಪರ್ಧೆಯೋರು ನೋಡೋಕೆ ಬರ್ತಾರೆ. ಅವತ್ತೂ ಹಿಂಗೇ ಆದ್ರೆ ನೀನು ಒಣಗಿಸೋ ಅಂಗಳಕ್ಕೆ ಹೋಗು. ಇಲ್ಲಿಗೆ ಬೇರೆಯವರನ್ನ ಹಾಕ್ತೀನಿ."

ಹನ್ನೊಂದು ವರ್ಷ ಆ ಅಂಗಳದ ಬಿಸಿಲಲ್ಲಿ ತಟ್ಟೆಯ ಬಿಲ್ಲೆ ತಿರುವಿ ಬೆನ್ನು ಮುರಿದುಕೊಂಡ ಮೇಲೆ ಅವಳಿಗೆ ಈ ಯಂತ್ರ ಸಿಕ್ಕಿತ್ತು. ಸಾಹೇಬರು ಹೋದ ಮೇಲೆ ಅವಳು ಸೀಮೆಸುಣ್ಣ ತೆಗೆದು ಗೋಡೆಯ ಮೇಲೆ ಒಂದು ಗೀಟು ಎಳೆದು, ಅದರ ಕೆಳಗೆ ನಮ್ಮ ಜಾವಾದ ಐದು ದಿನದ ಸಂತೆ ವಾರದ ದಿನ ಬರೆದಳು: ಪೋನ್.

"ಅದೇನಕ್ಕಾ?"

"ಕೆಟ್ಟ ದಿನದ ಲೆಕ್ಕ ಕಣೋ. ನೋಡು, ಎಲ್ಲಾ ಪೋನ್ ದಿನ, ಇಲ್ಲಾ ಕ್ಲಿವೋನ್. ಮಿಕ್ಕ ಮೂರು ದಿನ ಇದು ಬಂಗಾರದಂಥ ಯಂತ್ರ. ಎಲ್ಲರೂ ದೈವಕ್ಕೆ ಸಿಟ್ಟು ಬಂದಿದೆ ಅಂತಾರೆ. ಹೂವಿಟ್ಟೆ, ಕಪ್ಪು ಕಾಫಿ ಇಟ್ಟೆ. ಏನೂ ಆಗ್ಲಿಲ್ಲ."

"ಕಾಫಿಗೆ ಸಕ್ಕರೆ ಕಮ್ಮಿ ಆಗಿರ್ಬೇಕು."

"ನಗು, ನಗು. ನಾಡಿದ್ದು ಶುಕ್ರವಾರ, ಅದೂ ಕ್ಲಿವೋನ್! ಆಮೇಲೆ ನಗು."

ನಗು ನನ್ನ ಬಾಯಲ್ಲೇ ಉಳಿಯಿತು. ನಾಲ್ಕು ತಿಂಗಳ ಗೀಟುಗಳಲ್ಲಿ ಒಂದೂ ದಾರಿ ತಪ್ಪಿರಲಿಲ್ಲ. ಸವೆದ ಗಾಲಿಗೆ ಸಂತೆಯ ವಾರ ಗೊತ್ತಿರುತ್ತದೆಯೆ? ಹಾಗಾದರೆ ಆ ಎರಡು ದಿನ ಇಲ್ಲಿ ಬೇರೆ ಏನು ನಡೆಯುತ್ತದೆ?

ಅಷ್ಟರಲ್ಲಿ ಅವಳ ಹಳೆಯ ರೇಡಿಯೊ ಗೊರಗೊರ ಅಂದಿತು. ಅವಳು ಅದರ ತಲೆಗೊಂದು ಕೊಟ್ಟಳು.

"ಪೋನ್ ಬಂದ್ರೆ ಇದಕ್ಕೂ ಕೆಮ್ಮು. ನಾಟಕದಲ್ಲಿ ರಾಣಿ ಸತ್ತಳೋ ಇದ್ದಾಳೋ ಗೊತ್ತಾಗಲ್ಲ."

"ಇದಕ್ಕೂನಾ? ಇದೇ ದಿನಾನಾ?"

"ಇದೇ ದಿನ. ಯಾಕೆ?"

ನಾನು ರೇಡಿಯೊ ಕಿತ್ತುಕೊಂಡು ಹೊರಟೆ. ಕಿಟಕಿಯ ಬಳಿ ಗೊರಗೊರ ಸಣ್ಣಗಾಯಿತು. ಹಿಟ್ಟು ನಾದುವ ಯಂತ್ರದ ಬಳಿ ಜೋರಾಯಿತು. ಆಗ ಹೊಳೆಯಿತು: ನಮಗೆ ಸೀಗಡಿ ತಂದುಕೊಡುವ ಮುದುಕ ಬರುವುದು ಪೋನ್ ಮತ್ತು ಕ್ಲಿವೋನ್ ದಿನ ಮಾತ್ರ, ಉಳಿದ ದಿನ ಅವನಿಗೆ ಶಕುನ ಸರಿಯಿಲ್ಲವಂತೆ. ಸೀಗಡಿ ಬಂದ ದಿನವೇ ಹಿಟ್ಟು ನಾದುತ್ತೇವೆ. ನಾದುವ ಮೋಟಾರಿಗೆ ಹೊಸ ವೇಗ ನಿಯಂತ್ರಕ ಹಾಕಿದ್ದೂ ನಾಲ್ಕು ತಿಂಗಳ ಹಿಂದೆಯೇ. ಅದು ಕರೆಂಟನ್ನು ಕ್ಷಣಕ್ಕೆ ಸಾವಿರಾರು ಸಲ ತುಂಡರಿಸಿ ಕಳಿಸುತ್ತದೆ, ರೇಡಿಯೊಗೆ ಆ ಗದ್ದಲ ಕೇಳುತ್ತದೆ. ಆದರೆ ಅಷ್ಟು ದೂರದ ಕೊಯ್ಯುವ ಯಂತ್ರಕ್ಕೆ ಅದು ಹೇಗೆ ತಲುಪಿತು?

ಲಸ್ಮಿನಿ ಅಕ್ಕನೂ ಹಿಂದೆಯೇ ಬಂದಳು. ಮೋಟಾರಿನ ತಂತಿಯ ಜಾಡು ಹಿಡಿದು ಇಬ್ಬರೂ ನಡೆದೆವು. ಪ್ಯಾನಲ್ ಪೆಟ್ಟಿಗೆಯ ಬಾಗಿಲು ತೆಗೆದು ರೇಡಿಯೊ ಒಳಗಿಟ್ಟೆ. ಅದು ಕಿರುಚಿತು. ನನ್ನ ಆ ಚೆಂದದ ಜಡೆಯಲ್ಲಿ ಮೋಟಾರಿನ ದಪ್ಪ ತಂತಿಯೂ ಸೆನ್ಸರಿನ ಕೂದಲಂಥ ತಂತಿಯೂ ಮೈಗೆ ಮೈ ಅಂಟಿಸಿಕೊಂಡು ಪೆಟ್ಟಿಗೆಯ ಒಳಗೂ ಹೊರಗೂ ಮೂರು ಮೀಟರ್ ಮಲಗಿದ್ದವು. ದಪ್ಪದ್ದರ ಗದ್ದಲ ಸಣ್ಣದ್ದಕ್ಕೆ ದಾಟುತ್ತಿತ್ತು, ಸೆನ್ಸರಿನ ಲೆಕ್ಕಕ್ಕೆ ಇಲ್ಲದ ಎಣಿಕೆ ಸೇರುತ್ತಿತ್ತು.

"ಯಾರಪ್ಪಾ ಇದನ್ನ ಇಷ್ಟು ಬಿಗಿಯಾಗಿ ಕಟ್ಟಿದ್ದು?" ಎಂದಳು, ಬಾಗಿಲ ಮೇಲಿನ ಫೋಟೊವನ್ನೂ ನನ್ನನ್ನೂ ನೋಡುತ್ತ.

ಕುಂಬಳಕಾಯಿ ಕಳ್ಳನ ಹಾಗೆ ನಾನು ಹೆಗಲು ಮುಟ್ಟಿಕೊಂಡೆ. ನಾಚಿಕೆಯಾಯಿತು. ನನ್ನ ಜಡೆಯ ಅಂದಕ್ಕೆ ನಾಲ್ಕು ತಿಂಗಳು ಬೈಸಿಕೊಂಡವಳು ಅವಳು.

ಮರುದಿನ ವಾಗೆ, ಸಂತೆ ವಾರದಲ್ಲಿ ಪೋನ್ ಆದ ಮೇಲಿನ ದಿನ. ಆ ದಿನ ಹುಟ್ಟಿದ್ದಕ್ಕೇ ನನಗೆ ವಾಗಿಮಾನ್ ಎಂದು ಹೆಸರಿಟ್ಟಿದ್ದು. ಬೆಳಗಿಂದ ಸಂಜೆಯವರೆಗೆ ನನ್ನ ಕೈಯಾರೆ ಬಿಗಿದ ಟೈಗಳನ್ನೆಲ್ಲ ಕತ್ತರಿಸಿದೆ. ಮೋಟಾರಿನ ತಂತಿಗೆ ಬೇರೆಯೇ ಕಬ್ಬಿಣದ ಕೊಳವೆ ಮಾಡಿದೆ. ಸೆನ್ಸರಿಗೆ ತಾಮ್ರದ ಜಾಲರಿ ಸುತ್ತಿದ ತಂತಿ ಎಳೆದು, ಗದ್ದಲ ನೆಲಕ್ಕಿಳಿಯಲೆಂದು ಜಾಲರಿಯ ಒಂದು ತುದಿಯನ್ನಷ್ಟೇ ಅರ್ತಿಂಗ್‌ಗೆ ಕೊಟ್ಟೆ. ಎರಡೂ ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಿಸಿದೆ. ಪೆಟ್ಟಿಗೆ ನೋಡಲು ಕೋಳಿ ಕೆದರಿದ ತಿಪ್ಪೆಯಾಗಿತ್ತು.

"ಗಂಡ ಹೆಂಡ್ತಿ ಜಗಳ ಆಡ್ಕೊಂಡು ಬೇರೆ ಬೇರೆ ಮಲಗಿರೋ ಹಾಗಿದೆ," ಎಂದಳು ಅಕ್ಕ.

ಶುಕ್ರವಾರ ಬೆಳಗ್ಗೆ ಸಾಹೇಬರು ಬಾಗಿಲು ತೆಗೆದವರೇ ಕೆಂಪಾದರು.

"ಏನಯ್ಯಾ ಇದು? ಇವತ್ತು ಸ್ಪರ್ಧೆ!"

"ತಪ್ಪು ಅಕ್ಕಂದಲ್ಲ ಸಾಹೇಬ್ರೆ, ನಂದು. ಆ ಫೋಟೊದಲ್ಲಿರೋದೇ ತಪ್ಪು," ಎಂದು ಎಲ್ಲ ಹೇಳಿದೆ.

ಅವರು ಫೋಟೊ ನೋಡಿದರು, ಪೆಟ್ಟಿಗೆ ನೋಡಿದರು.

"ಸರಿ. ಅಂಗಳಕ್ಕೆ ಯಾರಾದ್ರೂ ಹೋಗ್ಲೇಬೇಕಲ್ಲ? ಇವತ್ತು ನೀನು ಹೋಗು. ಅವಳು ಇಲ್ಲೇ ಇರ್ಲಿ."

ಹೋದೆ. ಹತ್ತು ಗಂಟೆಗೇ ಬೆನ್ನು ಮಾತಾಡತೊಡಗಿತು. ಒಳಗೆ ನಾದುವ ಮೋಟಾರು ಗುಂಯ್‌ಗುಡುತ್ತಿತ್ತು, ಅದರ ನಡುವೆ ಕತ್ತಿ ಬೀಳುವ ಸದ್ದು. ಒಂದೇ ಲಯ. ಕಿವಿಗೊಟ್ಟು ಎಣಿಸುತ್ತ, ಒಳಗಿಂದ ಬಂದ ಬಿಲ್ಲೆಗಳನ್ನು ಒಂದೊಂದಾಗಿ ತಿರುವಿದೆ. ತೆಳುವಾದದ್ದು ಒಂದೂ ಸಿಗಲಿಲ್ಲ.

ಸಂಜೆ ಸ್ಪರ್ಧೆಯವರು ನಮಗೆ ಕೊನೆಯ ಸ್ಥಾನ ಕೊಟ್ಟು ಹೋದರು. ಲಸ್ಮಿನಿ ಅಕ್ಕ ಒಂದು ಲೋಟ ಸಿಹಿ ಚಹಾ ತಂದು ಪಕ್ಕದಲ್ಲಿ ಕುಳಿತಳು.

"ಬೆನ್ನು ಹೆಂಗಿದೆ?"

"ಅಕ್ಕಾ, ಹನ್ನೊಂದು ವರ್ಷ ಹೆಂಗೆ ಮಾಡಿದ್ಯೇ ನೀನು?"

ಅವಳು ಎದ್ದು, ನನ್ನ ಕೈಯಿಂದ ತಟ್ಟೆ ತೆಗೆದುಕೊಂಡು, ಉಳಿದ ಸಾಲನ್ನು ತಾನೇ ತಿರುವತೊಡಗಿದಳು.