ಐದು ಗೇರು ಹಿಂದಕ್ಕೆ

ಬೇರೆ ಸೊಸೆಯರು ತವರಿನಿಂದ ಬಂಗಾರ ತರುತ್ತಾರೆ, ನಾನು ಮಿಲಿಟರಿ ಲಾರಿ ತಂದೆ. ಕಾಲುವೆ ಕೆಲಸದ ಗುತ್ತಿಗೆ ಹಿಡಿಯುತ್ತಿದ್ದ ನನ್ನಪ್ಪ ಅದನ್ನು ಸೈನ್ಯದ ಹರಾಜಿನಲ್ಲಿ ಕೊಂಡಿದ್ದ. ಗಂಡುಮಕ್ಕಳಿರಲಿಲ್ಲ, ಸಾಯುವ ಮುಂಚೆ ನನ್ನ ಹೆಸರಿಗೆ ಮಾಡಿಸಿದ. ಆ ಲಾರಿಗೆ ಕ್ಲಚ್ಚೇ ಇರಲಿಲ್ಲ, ಗೇರು ತಾನಾಗಿ ಬದಲಾಗುತ್ತಿತ್ತು. ಅದಕ್ಕೇ ಅಪ್ಪ ಧೈರ್ಯ ಮಾಡಿ ಕಾಲುವೆ ಏರಿಯ ಮೇಲೆ ನನಗೆ ಓಡಿಸಲು ಕಲಿಸಿದ್ದ. ಮಸ್ಕಿಯಿಂದ ಸಿಂಧನೂರಿನ ಗಂಡನ ಮನೆಗೆ ನಾನೇ ಓಡಿಸಿಕೊಂಡು ಬಂದೆ. ಓಣಿಯ ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ನಗಲಿ ಬಿಡಿ, ಅವರ ಬಂಗಾರ ಪೆಟ್ಟಿಗೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ.

೧೯೮೬ರ ಬೇಸಿಗೆಯಲ್ಲಿ ಆ ಗೇರ್‌ಬಾಕ್ಸ್ ಕೈಕೊಟ್ಟಿತು. ಎಂಜಿನ್ ಅಬ್ಬರಿಸುತ್ತಿತ್ತು, ಚಕ್ರ ಅಲುಗುತ್ತಿರಲಿಲ್ಲ. ಹೈದರಾಬಾದಿನವರೆಗೆ ಹೇಳಿ ಕಳಿಸಿದರೂ ಅದರ ಸಾಮಾನು ಸಿಗಲಿಲ್ಲ. ಲಾರಿ ಅಂಗಳದಲ್ಲಿ ಕೂತೇ ಬಿಟ್ಟಿತು. ನೆರೆಮನೆಯ ಬೆಕ್ಕು ಅದರ ಸೀಟಿನ ಮೇಲೆ ಮರಿ ಹಾಕಿತು.

ಲಾರಿ ನನ್ನ ಹೆಸರಿನಲ್ಲಿತ್ತು, ಅಂಗಳ ನನ್ನ ಭಾವ ಅಮರಗುಂಡಪ್ಪನವರ ಹೆಸರಿನಲ್ಲಿತ್ತು. ಧಾನ್ಯ ತೂಗಿ ಮಾರಿಸುವ ಅಡತಿ ಅಂಗಡಿಯ ಯಜಮಾನರು ಅವರು. ಲಾರಿ ನಿಂತ ಜಾಗದಲ್ಲಿ ಗೋದಾಮು ಕಟ್ಟಬೇಕೆಂದು ಇಟ್ಟಿಗೆ ಕೂಡ ತರಿಸಿ ಪೇರಿಸಿದ್ದರು. ನನ್ನ ಗಂಡ ಶಿವಶರಣಪ್ಪ ಅಣ್ಣನ ಎದುರು ಕೆಮ್ಮಲಿಕ್ಕೂ ಹೆದರುವ ಮನುಷ್ಯ. ಒಳ್ಳೆಯವರೇ, ಆದರೆ ಅಣ್ಣ ಬಂದರೆಂದರೆ ಅವರ ಕಣ್ಣು ನೆಲ ನೋಡುತ್ತಿದ್ದವು. ಅದನ್ನು ಕಂಡಾಗಲೆಲ್ಲ ನನ್ನ ಮೈ ಉರಿಯುತ್ತಿತ್ತು.

ಒಂದು ದಿನ ಭಾವ ಗುಜರಿಯವನನ್ನು ಕರೆದುಕೊಂಡೇ ಬಂದರು.

"ಶೇಖರಮ್ಮ, ಇವ್ನಿಗೆ ಮಾತು ಕೊಟ್ಟೀನಿ. ಈ ಕಬ್ಬಿಣ ಹೊಲ ಉಳೂದಿಲ್ಲ, ಹಾಲು ಕೊಡೂದಿಲ್ಲ. ಯಾಕ ಇಟ್ಕೊಂಡು ಕುಂದ್ರೂದು?"

"ನಿಮ್ಮ ತಕ್ಕಡೀನೂ ಹಾಲು ಕೊಡೂದಿಲ್ರಿ ಬಾವನೋರ," ಅಂದೆ.

ಅಂಗಡಿಯ ಹಮಾಲರು ನಗು ತಡೆಯಲು ಆ ಕಡೆ ತಿರುಗಿದರು. ಭಾವನ ಮುಖ ಕೆಂಪೇರಿತು. ಅಷ್ಟು ಜನರ ಎದುರೇ ಅವರು ಫೈಸ್ಲಾ ಹೇಳಿದರು.

"ಆತು. ಈ ಸುಗ್ಗ್ಯಾಗ ಗೊರೇಬಾಳದ ತಗ್ಗಿನ ಹೊಲದ ಭತ್ತ ಈ ಲಾರ್ಯಾಗ ಬಂದು ಈ ಅಂಗಳದಾಗ ಇಳೀಲಿ. ಇಳೀತಂದ್ರ ಲಾರಿನೂ ನಿಂದು, ಅದು ನಿಂತ ಜಾಗಾನೂ ನಿಂದು. ಇಲ್ಲಂದ್ರ ಹಗ್ಗ ಕಟ್ಟಿ ಎಳಸ್ತೀನಿ."

ನಮ್ಮ ಮನೆತನದ ಆ ತಗ್ಗಿನ ಹೊಲವನ್ನು ಅವರು ಬೇಕೆಂದೇ ಹೇಳಿದ್ದು. ಕಾಲುವೆ ನೀರು ಬಸಿದು ಅಲ್ಲಿ ಸುಗ್ಗಿಯಲ್ಲೂ ಮೊಣಕಾಲುದ್ದ ಕೆಸರು. ಯಾವ ಲಾರಿಯೂ ಅಲ್ಲಿಗೆ ಇಳಿಯುವುದಿಲ್ಲ, ಚೀಲಗಳನ್ನು ತಲೆಯ ಮೇಲೆ ಹೊತ್ತು ರಸ್ತೆಗೆ ತರಬೇಕು. ಆದರೆ ನನ್ನ ಲಾರಿಗೆ ಮುಂದಿನ ಚಕ್ರಗಳಿಗೂ ಎಂಜಿನ್ನಿನ ಬಲವಿತ್ತು. ಅದನ್ನು ಭಾವ ಮರೆತಿದ್ದರು.

ನಾನು ಜಂಗ್ಲಿಸಾಬನನ್ನು ಹಿಡಿದೆ. ಊರಿನ ಅರ್ಧ ಅಕ್ಕಿ ಮಿಲ್ಲುಗಳ ಫಿಟ್ಟರ್ ಅವನು. ಬೆಲ್ಟು, ಗಾಲಿ, ಬೇರಿಂಗುಗಳ ನಡುವೆಯೇ ಗಡ್ಡ ಬೆಳ್ಳಗಾಗಿತ್ತು. ಲಾರಿಯ ಕೆಳಗೆ ಮಲಗಿ ನೋಡಿ ಹೊರಗೆ ಬಂದು, "ಅಕ್ಕಾರ, ಇದರ ಕರುಳು ತಗದು ಟಾಟಾದ್ದು ಹಾಕೂಣು," ಅಂದ.

ಲಿಂಗಸುಗೂರು ರಸ್ತೆಯಲ್ಲಿ ಉರುಳಿಬಿದ್ದಿದ್ದ ಟಾಟಾ ಲಾರಿಯೊಂದರ ಐದು ಗೇರಿನ ಗೇರ್‌ಬಾಕ್ಸನ್ನು ಕ್ಲಚ್ಚು, ಪೆಡಲಿನ ಸಮೇತ ತಂದೆವು. ಎಂಜಿನ್ನಿಗೂ ಅದಕ್ಕೂ ನಡುವೆ ಕೂರಿಸುವ ದಪ್ಪ ತಗಡನ್ನು ಚಿನ್ನದ ಗಣಿಯ ಊರಾದ ಹಟ್ಟಿಯಲ್ಲಿ ಲೇಥಿಗೆ ಹಾಕಿ ಮಾಡಿಸಿದೆವು. ಉಳಿದದ್ದು ಒಂದೇ ತಾಪತ್ರಯ. ಹೊಸ ಗೇರ್‌ಬಾಕ್ಸಿನ ಬಾಲ ಮೇಲಿತ್ತು, ಚಕ್ರಗಳಿಗೆ ಹೋಗುವ ಶಾಫ್ಟು ಒಂದು ಗೇಣು ಕೆಳಗಿತ್ತು. ಜಂಗ್ಲಿಸಾಬ್ ಒಂದು ಕಬ್ಬಿಣದ ಡಬ್ಬಿ ಮಾಡಿ, ಅದರೊಳಗೆ ಹಲ್ಲಿನ ಎರಡು ಗಾಲಿಗಳನ್ನು ಒಂದರ ಕೆಳಗೊಂದು ಕೂರಿಸಿದ. ಜಾಕ್ ಕೊಟ್ಟು ಎತ್ತಿ ಗೇರು ಹಾಕಿದಾಗ ಚಕ್ರಗಳೆಲ್ಲ ಗಿರ್ರನೆ ತಿರುಗಿದವು. ನಾವು ಪೇಡೆ ಹಂಚಿದೆವು. ಯಾವ ಕಡೆಗೆ ತಿರುಗುತ್ತಿವೆ ಎಂದು ಒಬ್ಬರೂ ನೋಡಲಿಲ್ಲ.

ಭತ್ತ ಕೊಯ್ದು ಬಡಿದು ಚೀಲಕ್ಕೆ ತುಂಬಿದ ಮರುದಿನ ಲಾರಿ ಹೊರಡಿಸಿದೆವು. ಭಾವ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಗುಜರಿಯವನು ಹಗ್ಗ ತಂದಿದ್ದ. ನಾನು ಕಾಯಿ ಒಡೆದು, ಮುಂದಿನ ಗಾಲಿಗಳ ಮುಂದೆ ನಿಂಬೆಹಣ್ಣು ಇಟ್ಟೆ. ನನ್ನ ಗಂಡ ಹತ್ತಿ ಕೂತು, ಕ್ಲಚ್ ಒತ್ತಿ ಮೊದಲನೇ ಗೇರು ಹಾಕಿ ಬಿಟ್ಟರು.

ಲಾರಿ ಹಿಂದಕ್ಕೆ ಹೋಯಿತು. ಹೋಗಿ ಗೋದಾಮಿನ ಇಟ್ಟಿಗೆ ರಾಶಿಯನ್ನು ಕೆಡವಿ ನಿಂತಿತು. ನಿಂಬೆಹಣ್ಣುಗಳು ಇಟ್ಟಲ್ಲೇ ಉಳಿದಿದ್ದವು. ಗಾಬರಿಯಾಗಿ ಎರಡನೇ ಗೇರು ಹಾಕಿದರೆ ಅದೂ ಹಿಂದಕ್ಕೇ. ರಿವರ್ಸ್ ಹಾಕಿದಾಗ ಮಾತ್ರ ಅದು ಮುಂದಕ್ಕೆ ಜಿಗಿಯಿತು. ಅಂಗಳದ ತುಂಬ ನಗು ಎದ್ದಿತು.

ಜಂಗ್ಲಿಸಾಬ್ ತಲೆಯ ಮೇಲೆ ಕೈ ಹೊತ್ತು ಕೂತ. "ಮಿಲ್ಲಿನಾಗ ಒಂದು ಬೆಲ್ಟಿಗೆ ಎರಡು ಗಾಲಿ ಹಾಕಿದ್ರ ಎರಡೂ ಒಂದ ಕಡೆ ತಿರಗ್ತಾವ್ರಿ. ಅದ ಲೆಕ್ಕ ತಲ್ಯಾಗಿತ್ತು. ಹಲ್ಲಿಗೆ ಹಲ್ಲು ಕಚ್ಚಿದ್ರ ಉಲ್ಟಾ ತಿರಗ್ತಾವ. ನಡುವ ಇನ್ನೊಂದು ಗಾಲಿ ಹಾಕಬೇಕು ಅಕ್ಕಾರ, ಹಟ್ಟಿಗೆ ಹೋಗಿ ಮಾಡಿಸ್ಕೊಂಡು ಬರಬೇಕು."

"ಅಲ್ಲೀತನಾ ಭತ್ತ ಹೊಲದಾಗ ಮೊಳಕಿ ಒಡೀತೈತಿ," ಅಂದರು ಭಾವ. ಗುಜರಿಯವನಿಗೆ ಕಣ್ಸನ್ನೆ ಮಾಡಿದರು. ನನ್ನ ಗಂಡ ಲಾರಿಯಿಂದ ಇಳಿದು ಎಂದಿನಂತೆ ನೆಲ ನೋಡುತ್ತ ನಿಂತರು.

ನನ್ನಪ್ಪನ ಲಾರಿಗೆ ಹಗ್ಗ ಬೀಳುವುದನ್ನು ನೋಡುತ್ತ ನಿಲ್ಲುವುದು ನನ್ನಿಂದಾಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಮೇಲೆ ಹತ್ತಿದೆ. ಕ್ಲಚ್ ಒತ್ತುವುದನ್ನು ನಿಂತ ಲಾರಿಯಲ್ಲೇ ಕೂತು ರೂಢಿ ಮಾಡಿಕೊಂಡಿದ್ದೆ.

"ಎಲ್ಲಿಗೆ ಹೊಂಟಿ?" ಅಂದರು ಭಾವ.

"ಗೊರೇಬಾಳಕ್ಕರಿ."

"ಹಿಂದಕ್ಕ ಹೊಂಟೈತಿ ಅದು."

"ಹೊಂಟೈತಲ್ರಿ. ನಿಂತ ಲಾರಿ ಗುಜರಿಗೆ ಹಾಕಂದ್ರಿ, ಇದು ನಿಂತಿಲ್ಲ."

ಮೊದಲು ರಿವರ್ಸ್ ಹಾಕಿದೆ. ಲಾರಿ ಮುಂದೆ ನುಗ್ಗಿ ನಿಂಬೆಹಣ್ಣುಗಳನ್ನು ಅರೆಯಿತು. ಬಾಗಿಲು ದಾಟಿ, ರಸ್ತೆಯಲ್ಲಿ ತಿರುಗಿಸಿಕೊಂಡು, ಬೆನ್ನು ಗೊರೇಬಾಳದ ಕಡೆ ಮಾಡಿ ಹೊರಟೆ. ಕತ್ತು ಹೊರಗೆ ಹಾಕಿ ಹಿಂದೆ ನೋಡುತ್ತ ಬಜಾರು ದಾಟಿದೆ. ಹೋಟೆಲಿನವರು ಚಹಾ ಹಿಡಿದುಕೊಂಡೇ ಹೊರಗೆ ಬಂದರು. ಬಸ್ಸಿನ ಕಂಡಕ್ಟರ್ ಒಬ್ಬ ಏನೋ ಕೂಗಿದ. ನಾನು ಹಾರನ್ ಹೊಡೆದು ಉತ್ತರ ಕೊಟ್ಟೆ.

ಊರು ದಾಟಿದ ಮೇಲೆ ಒಮ್ಮೆ ತಿರುಗಿ ಮುಂದಿನ ಗಾಜಿನಾಚೆ ನೋಡಿದೆ. ನನ್ನ ಗಂಡ ಸೈಕಲ್ ತುಳಿಯುತ್ತ ಬೆನ್ನತ್ತಿ ಬರುತ್ತಿದ್ದರು. ಬೆವರು ಸುರಿಯುತ್ತಿತ್ತು, ತಲೆಗೆ ಸುತ್ತಿದ್ದ ಪಟಗ ಬಿಚ್ಚಿ ಹೆಗಲ ಮೇಲೆ ಬಿದ್ದಿತ್ತು. ಕಣ್ಣು ಮಾತ್ರ ನೆಟ್ಟಗೆ ನನ್ನನ್ನೇ ನೋಡುತ್ತಿದ್ದವು. ಎಲ್ಲರಂತೆ ಮುಂದಕ್ಕೆ ಹೋಗಿದ್ದರೆ ಇದು ನನಗೆ ಕಾಣುತ್ತಿರಲಿಲ್ಲ. ನನಗೆ ಅಳು ಬಂತು, ಆದರೂ ಲಾರಿ ನಿಲ್ಲಿಸಲಿಲ್ಲ.

ತಗ್ಗಿನ ಹೊಲಕ್ಕೆ ಲಾರಿ ಹಿಂದುಹಿಂದಾಗಿ ಇಳಿಯಿತು. ಚೀಲಗಳನ್ನು ಏರಿಸಿದ ಮೇಲೆ ಚಕ್ರಗಳು ಅರ್ಧ ಹೂತವು. ಆಗ ಮುಂದಕ್ಕೆ ಹೋಗಲು ನಮಗೆ ಉಳಿದಿದ್ದ ಆ ಒಂದೇ ಗೇರು ಹಾಕಿದೆ. ಟಾಟಾದ ರಿವರ್ಸು ಅದು, ನಿಧಾನ, ಆದರೆ ಆನೆಯ ಬಲ. ನಾಲ್ಕೂ ಕಡೆಯ ಚಕ್ರ ಕಚ್ಚಿಕೊಂಡು ಕೆಸರಿನಿಂದ ಎದ್ದು ಬಂದವು. ಕೂಲಿ ಹೆಣ್ಣಾಳುಗಳು ಖಾಲಿ ತಲೆಯಲ್ಲಿ ರಸ್ತೆಗೆ ನಡೆದು ಬಂದದ್ದು ಆ ಹೊಲದಲ್ಲಿ ಅದೇ ಮೊದಲು.

ಅದೇ ಗೇರಿನಲ್ಲಿ ಸಿಂಧನೂರಿನವರೆಗೆ ಬರುವುದಾದರೆ ಎಂಜಿನ್ ಕಾದು ಹೋಗುತ್ತಿತ್ತು. ಮತ್ತೆ ಹಿಂದಕ್ಕೇ ಹೋಗಬೇಕು, ಆದರೆ ಚೀಲಗಳು ಅಡ್ಡವಾಗಿ ಹಿಂದಿನದೇನೂ ಕಾಣುತ್ತಿರಲಿಲ್ಲ. ನನ್ನ ಗಂಡ ಸೈಕಲನ್ನು ಲಾರಿಗೆ ಹಾಕಿ, ಚೀಲಗಳ ತುದಿಗೆ ಹತ್ತಿ ಕೂತರು.

"ನಾ ನೋಡ್ತೀನಿ, ನೀ ಬಿಡು," ಅಂದರು.

ಎಡಕ್ಕ, ಬಲಕ್ಕ, ಎತ್ತು ಬಂದಾವ, ನಿಲ್ಲು, ಈಗ ಬಿಡು. ದಾರಿಯುದ್ದಕ್ಕೂ ಅವರ ದನಿ ನನ್ನ ತಲೆಯ ಮೇಲಿಂದ ಬರುತ್ತಿತ್ತು. ಅವರಿಗೆ ಅಷ್ಟು ದೊಡ್ಡ ದನಿ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ.

ನಮ್ಮ ಅಂಗಳದ ಬಾಗಿಲ ಹತ್ತಿರ ಮೇಲಿಂದ "ನಿಲ್ಲು" ಅಂತ ಬಂತು. ಬ್ರೇಕ್ ಒತ್ತಿ ಕತ್ತು ಹೊರಗೆ ಹಾಕಿದೆ. ಭಾವ ಬಾಗಿಲ ನಡುವೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು. ಅವರ ಹಿಂದೆ ಅರ್ಧ ಸಿಂಧನೂರು ನೆರೆದಿತ್ತು. ಭಾವ ಮೇಲೆ ನೋಡಿದರು, ತಮ್ಮನು ಎಂದಿನಂತೆ ಕಣ್ಣು ತಗ್ಗಿಸಲಿ ಎಂದು ಕಾದರು.

"ಅಣ್ಣ, ಬಾಜೂ ಸರಿ," ಅಂದರು ನನ್ನ ಗಂಡ. "ನನ್ನ ಹೆಂಡ್ತಿ ಲಾರಿ ಬರಾಕತ್ತೈತಿ."

ಭಾವ ಸರಿದು ನಿಂತರು. ನಾನು ಕ್ಲಚ್ ಬಿಟ್ಟೆ.